ಮರ್ಸಿ ದಂಡೆಯಿಂದ ಲಿಯರ್‌ವರೆಗೆ: ನಟ ಪೀಟ್ ಪೋಸಲ್‌ಥ್ವೇಟ್ ನಡೆದ ದಾರಿ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಗರಗಳ ನಡುವೆ, ಮರ್ಸಿ ನದಿಯ ದಂಡೆಯಲ್ಲಿರುವ ವಾರಿಂಗ್ಟನ್ ಪಟ್ಟಣದಲ್ಲಿ ಪ್ರವಾಸಿಗರು ಇಳಿಯುವುದು ಅಪರೂಪ. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಉತ್ತರಕ್ಕೆ ಹೊರಟ ರೈಲುಗಳು ಇಲ್ಲಿನ ಬ್ಯಾಂಕ್ ಕೀ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ಸ್ಕಾಟ್ಲೆಂಡಿನತ್ತ ಸಾಗುತ್ತವೆ. ನಿಲ್ದಾಣದ ಮಗ್ಗುಲಲ್ಲೇ ತಲೆಯೆತ್ತಿದ್ದ ಸಾಬೂನು ಕಾರ್ಖಾನೆಯೂ ಕಬ್ಬಿಣದ ತಂತಿ ಎಳೆಯುವ ಗಿರಣಿಗಳೂ ತಲೆಮಾರುಗಳ ಕಾಲ ಈ ಊರಿಗೆ ಅನ್ನ ಕೊಟ್ಟಿದ್ದವು. ಆ ನೆನಪಿಗೆ ಸಾಕ್ಷಿಯಾಗಿ ಊರಿನ ರಗ್ಬಿ ಲೀಗ್ ತಂಡವನ್ನು ಅಭಿಮಾನಿಗಳು ಇಂದಿಗೂ ‘ವೈರ್’, ಎಂದರೆ ತಂತಿ, ಎಂದೇ ಕರೆಯುತ್ತಾರೆ. ದುಡಿಮೆಯೇ ಗುರುತಾಗಿದ್ದ ಈ ಪಟ್ಟಣದ ಕ್ಯಾಥೊಲಿಕ್ ಕಾರ್ಮಿಕ ಕುಟುಂಬವೊಂದರಲ್ಲಿ, ಪೀಪಾಯಿ ಕಟ್ಟುವ ಕೆಲಸದಿಂದ ಶಾಲೆಯ ಕಾವಲುಗಾರಿಕೆಯವರೆಗೆ ಹಲವು ವೃತ್ತಿಗಳನ್ನು ಮಾಡಿದ ತಂದೆಯ ನಾಲ್ಕು ಮಕ್ಕಳಲ್ಲಿ ಕೊನೆಯವರಾಗಿ, 1946ರ ಫೆಬ್ರವರಿ 7ರಂದು ಪೀಟ್ ಪೋಸಲ್‌ಥ್ವೇಟ್ ಜನಿಸಿದರು.

ಬ್ರಿಟಿಷ್ ರಂಗಭೂಮಿಯ ಪರಿಭಾಷೆಯಲ್ಲಿ ಪೋಸಲ್‌ಥ್ವೇಟ್ ‘ಕ್ಯಾರೆಕ್ಟರ್ ಆ್ಯಕ್ಟರ್’ ವರ್ಗಕ್ಕೆ ಸೇರಿದವರು. ನಾಯಕನ ರೂಪವನ್ನಾಗಲಿ ತಾರೆಯ ವರ್ಚಸ್ಸನ್ನಾಗಲಿ ನೆಚ್ಚದೆ, ಒಂದೊಂದು ಪಾತ್ರದ ವಯಸ್ಸು, ಕಸುಬು, ಮಾತಿನ ಧಾಟಿ, ನಡಿಗೆ, ಸ್ವಭಾವಗಳನ್ನು ಬೇರೆಬೇರೆಯಾಗಿ ಕಟ್ಟಿ ನಿಲ್ಲಿಸುವ ನಟನಿಗೆ ಅಲ್ಲಿ ಆ ಹೆಸರಿದೆ. ಕನ್ನಡ ಚಿತ್ರರಂಗದಲ್ಲಿ ಪೋಷಕ ನಟ ಎಂದು ಕರೆಯಲ್ಪಡುವವರು ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತಾರೆ. ಇಂಥ ನಟ ಪಾತ್ರದೊಳಗೆ ಕರಗಿಹೋಗುತ್ತಾನೆ, ಅವನಿಗೆ ತನ್ನದೆಂಬ ನೆಲವಿಲ್ಲ ಎಂಬ ಮಾತನ್ನು ವಿಮರ್ಶಕರು ಮೆಚ್ಚುಗೆಯಿಂದಲೇ ಆಡುವುದುಂಟು. ಆದರೆ ಪೋಸಲ್‌ಥ್ವೇಟ್ ಹುಟ್ಟಿದ, ಕಲಿತ, ದುಡಿದ ಊರುಗಳನ್ನು ಒಂದರ ನಂತರ ಒಂದಾಗಿ ನೋಡುತ್ತ ಹೋದರೆ ಈ ಮಾತು ಪೂರ್ತಿ ನಿಲ್ಲುವುದಿಲ್ಲ. ಎತ್ತಿದ ಕೆನ್ನೆಮೂಳೆ, ಒಡೆದ ಹೆಂಚಿನಂತೆ ಒರಟಾದ ಮುಖ, ಉತ್ತರ ಇಂಗ್ಲೆಂಡಿನ ಬಿಗಿಯಾದ ಉಚ್ಚಾರ, ಇವುಗಳಲ್ಲಿ ಯಾವುದನ್ನೂ ಅವರು ಮರೆಮಾಡಲಿಲ್ಲ. ಉಚ್ಚರಿಸಲು ಕಷ್ಟವಾದ ಕುಲನಾಮವನ್ನು ಬದಲಿಸಿಕೊಳ್ಳಬೇಕೆಂಬ ಸಲಹೆಯನ್ನೂ ಒಪ್ಪಲಿಲ್ಲ. ಅವರ ಕಲೆಯ ಶಕ್ತಿ ಹುಟ್ಟಿದ್ದು ಊರಿನಿಂದ, ಬೆಳೆದದ್ದು ಊರಿನ ರಂಗಮಂದಿರಗಳಿಂದ.

ವೃತ್ತಿಯ ದಾರಿ ಅವರಿಗೆ ಮೊದಲೇ ಸ್ಪಷ್ಟವಾಗಿರಲಿಲ್ಲ. ಪಾದ್ರಿಯಾಗಬೇಕೆಂಬ ಆಸೆಯಿಂದ ಸೆಮಿನರಿ, ಎಂದರೆ ಕ್ಯಾಥೊಲಿಕ್ ಪುರೋಹಿತರನ್ನು ತಯಾರು ಮಾಡುವ ಗುರುಮಠ, ಸೇರಿದರು. ಆ ದಾರಿ ತನ್ನದಲ್ಲವೆಂದು ಬಿಟ್ಟು ಬಂದ ಮೇಲೆ ಲಂಡನ್ನಿನ ಅಂಚಿನ ಸೇಂಟ್ ಮೇರೀಸ್ ಕಾಲೇಜಿನಲ್ಲಿ ಶಿಕ್ಷಕ ತರಬೇತಿ ಪಡೆದು, ಮ್ಯಾಂಚೆಸ್ಟರಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಕಾಯಂ ಸಂಬಳದ ಆ ಕೆಲಸವನ್ನು ತೊರೆದು ದೇಶದ ನೈಋತ್ಯ ತುದಿಯತ್ತ ಇರುವ ಬ್ರಿಸ್ಟಲ್ ನಗರದ ನಾಟಕ ಶಾಲೆಗೆ ಸೇರಿದಾಗ ಅವರಿಗೆ ಇಪ್ಪತ್ತು ದಾಟಿತ್ತು. ಕಾರ್ಮಿಕ ಕುಟುಂಬದ ಮಗ ನಟನಾಗುವ ಧೈರ್ಯ ಮಾಡಲು ಸಾಧ್ಯವಾದದ್ದಕ್ಕೆ ಆ ಕಾಲದ ಬ್ರಿಟನ್ನಿನ ಶಿಕ್ಷಣ ವ್ಯವಸ್ಥೆಯ ಉದಾರತೆಯೂ ಒಂದು ಕಾರಣ. ಎರಡನೆಯ ಮಹಾಯುದ್ಧದ ನಂತರ ಜನಿಸಿದ ಆ ಪೀಳಿಗೆ ಸರಕಾರಿ ನೆರವಿನಿಂದ ಓದಿ, ತಮ್ಮ ತಂದೆತಾಯಿಯರು ಹೊಸ್ತಿಲು ಮೆಟ್ಟದ ಸಂಸ್ಥೆಗಳೊಳಗೆ ಕಾಲಿಟ್ಟಿತು.

ಬ್ರಿಸ್ಟಲ್‌ನ ಬಂದರಿಗೆ ಸಮೀಪದ ಕಿಂಗ್ ಸ್ಟ್ರೀಟ್‌ನಲ್ಲಿ 1766ರಲ್ಲಿ ಬಾಗಿಲು ತೆರೆದ ಥಿಯೇಟರ್ ರಾಯಲ್ ಇಂದಿಗೂ ನಾಟಕ ನಡೆಸುತ್ತಿರುವ, ಇಂಗ್ಲಿಷ್ ಮಾತನಾಡುವ ಜಗತ್ತಿನ ಅತ್ಯಂತ ಹಳೆಯ ರಂಗಮಂದಿರವೆಂದು ಹೆಸರಾಗಿದೆ. ರಾಜಪರವಾನಗಿಯಿಲ್ಲದೆ ನಾಟಕವಾಡುವುದು ಅಪರಾಧವಾಗಿದ್ದ ದಿನಗಳಲ್ಲಿ, ಸಂಗೀತ ಕಛೇರಿಯ ನೆಪದಲ್ಲಿ ಜನರನ್ನು ಕೂಡಿಸಿ ನಾಟಕ ತೋರಿಸಿದ ಈ ಮಂದಿರಕ್ಕೆ ಪರವಾನಗಿ ಸಿಕ್ಕಿದ್ದು 1778ರಲ್ಲಿ. ಕುದುರೆಲಾಳದ ಆಕಾರದಲ್ಲಿ ರಂಗವನ್ನು ಬಳಸಿ ಬರುವ ಮಹಡಿಗಳಲ್ಲಿ ಕುಳಿತರೆ ನಟನ ಉಸಿರೂ ಕೇಳುವಷ್ಟು ಹತ್ತಿರದ ಅನುಭವವಾಗುತ್ತದೆ. ಯುದ್ಧಕಾಲದಲ್ಲಿ ಮಾರಾಟಕ್ಕೆ ಬಂದಿದ್ದ ಈ ಕಟ್ಟಡವನ್ನು 1942ರಲ್ಲಿ ಸರಕಾರಿ ನೆರವಿನ ಕಲಾ ಮಂಡಳಿ ಭೋಗ್ಯಕ್ಕೆ ಪಡೆದು ಉಳಿಸಿತು. ಬ್ರಿಟಿಷ್ ಸರಕಾರ ರಂಗಮಂದಿರವೊಂದರ ಹೊಣೆ ಹೊತ್ತ ಮೊದಲ ಪ್ರಸಂಗಗಳಲ್ಲಿ ಇದು ಒಂದು. 1946ರಲ್ಲಿ ಇಲ್ಲಿ ಬ್ರಿಸ್ಟಲ್ ಓಲ್ಡ್ ವಿಕ್ ತಂಡ ನೆಲೆಗೊಂಡಿತು. ಅದರ ನಾಟಕ ಶಾಲೆಯೂ ಅದೇ ವರ್ಷ ಆರಂಭವಾಯಿತು. ಹೀಗೆ ಪೋಸಲ್‌ಥ್ವೇಟ್ ಹುಟ್ಟಿದ ವರ್ಷವೇ ಅವರನ್ನು ನಟನನ್ನಾಗಿ ರೂಪಿಸಲಿದ್ದ ಶಾಲೆಯೂ ಹುಟ್ಟಿತ್ತು.

ಬ್ರಿಸ್ಟಲ್‌ನಲ್ಲಿ ಕಲಿತದ್ದು ಒರೆಗೆ ಬಂದದ್ದು ಲಿವರ್‌ಪೂಲ್‌ನಲ್ಲಿ. ಲೈಮ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು ಮೌಂಟ್ ಪ್ಲೆಸೆಂಟ್ ಎಂಬ ಏರುದಾರಿಯನ್ನು ಹತ್ತಿದರೆ ಹೋಪ್ ಸ್ಟ್ರೀಟ್ ಸಿಗುತ್ತದೆ. ಈ ಬೀದಿಯ ಒಂದು ತುದಿಯಲ್ಲಿ ಕೆಂಪು ಮರಳುಗಲ್ಲಿನ ಆಂಗ್ಲಿಕನ್ ಕ್ಯಾಥೆಡ್ರಲ್ ನಿಂತಿದ್ದರೆ, ಇನ್ನೊಂದು ತುದಿಯಲ್ಲಿ 1967ರಲ್ಲಿ ಪೂರ್ಣಗೊಂಡ, ಕಾಂಕ್ರೀಟಿನ ಕಿರೀಟದಂತೆ ಕಾಣುವ ಕ್ಯಾಥೊಲಿಕ್ ಕ್ಯಾಥೆಡ್ರಲ್ ಇದೆ. ಇವೆರಡರ ನಡುವೆ, ಕ್ಯಾಥೊಲಿಕ್ ಕ್ಯಾಥೆಡ್ರಲ್ಲಿನ ಮಗ್ಗುಲಿಗೇ ಎಂಬಂತೆ, ಎವ್ರಿಮನ್ ಥಿಯೇಟರ್ ಇದೆ. ಪ್ರಾರ್ಥನಾ ಮಂದಿರವಾಗಿ ಕಟ್ಟಿಸಲ್ಪಟ್ಟು, ಮುಂದೆ ಸಂಗೀತ ಸಭಾಂಗಣವಾಗಿ, ಅನಂತರ ಸಿನಿಮಾ ಮಂದಿರವಾಗಿ ಬದಲಾದ ಹೋಪ್ ಹಾಲ್ ಎಂಬ ಹಳೆಯ ಕಟ್ಟಡದಲ್ಲಿ 1964ರಲ್ಲಿ ಮೂವರು ತರುಣ ರಂಗಕರ್ಮಿಗಳು ಇದನ್ನು ಆರಂಭಿಸಿದರು. ಇದು ರೆಪರ್ಟರಿ ಪದ್ಧತಿಯ ರಂಗಮಂದಿರವಾಗಿತ್ತು. ಎಂದರೆ ಒಂದೇ ನಟವರ್ಗ ಒಂದು ಋತುವಿಡೀ ಜೊತೆಗಿದ್ದು, ಈ ವಾರ ಆಡುವ ನಾಟಕದ ಪ್ರದರ್ಶನ ನಡೆಯುತ್ತಿರುವಾಗಲೇ ಹಗಲಿನಲ್ಲಿ ಮುಂದಿನ ನಾಟಕದ ತಾಲೀಮು ಮಾಡುತ್ತ, ಹಲವು ನಾಟಕಗಳನ್ನು ಸರದಿಯಂತೆ ಊರಿಗೆ ಕೊಡುವ ವ್ಯವಸ್ಥೆ.

1970ರ ದಶಕದಲ್ಲಿ ಅಲನ್ ಡೋಸರ್ ಎವ್ರಿಮನ್‌ನ ಕಲಾ ನಿರ್ದೇಶಕರಾಗಿದ್ದಾಗ ಅಲ್ಲಿ ಸೇರಿದ್ದ ತರುಣ ನಟವರ್ಗವನ್ನು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಜೊನಾಥನ್ ಪ್ರೈಸ್, ಜೂಲಿ ವಾಲ್ಟರ್ಸ್, ಬಿಲ್ ನೈ, ಆಂಟನಿ ಶೇರ್, ಬರ್ನಾರ್ಡ್ ಹಿಲ್ ಮತ್ತು ಪೋಸಲ್‌ಥ್ವೇಟ್ ಎಲ್ಲರೂ ಅಲ್ಲಿ ದುಡಿದರು. ವಿಲ್ಲಿ ರಸಲ್ ಮತ್ತು ಅಲನ್ ಬ್ಲೀಸ್‌ಡೇಲ್‌ರಂಥ ಸ್ಥಳೀಯ ನಾಟಕಕಾರರು ಬಂದರು ನಗರದ ಭಾಷೆಯನ್ನೇ ರಂಗದ ಮೇಲೆ ತಂದರು. ಮಂದಿರಕ್ಕೆ ಬಾರದ ಜನರ ಬಳಿಗೆ ನಾಟಕವನ್ನೇ ಒಯ್ಯುವ ಉದ್ದೇಶದಿಂದ ನಟರ ಸಣ್ಣ ತಂಡವೊಂದು ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಪಬ್‌ಗಳಿಗೂ ಸಮುದಾಯ ಭವನಗಳಿಗೂ ಹೋಗುತ್ತಿತ್ತು. ಬಿಯರ್ ಕುಡಿಯುತ್ತ, ಮಾತನಾಡುತ್ತ ಕುಳಿತ ಕಾರ್ಮಿಕರ ಗಮನವನ್ನು ಬೆಳಕು, ಪರದೆ, ರಂಗಸಜ್ಜಿಕೆಗಳ ಸಹಾಯವಿಲ್ಲದೆ ಹಿಡಿದು ನಿಲ್ಲಿಸಬೇಕಾದ ನಟನಿಗೆ ಸುಳ್ಳು ಅಭಿನಯ ಎಂದಿಗೂ ನೆರವಾಗದು. ಎದುರಿಗಿರುವವರು ತಮ್ಮಂಥವರನ್ನೇ ರಂಗದ ಮೇಲೆ ನೋಡುತ್ತಿರುವುದರಿಂದ ಒಂದು ಹುಸಿ ಚಲನೆಯೂ ಅವರ ಕಣ್ಣಿಗೆ ಬಿದ್ದುಬಿಡುತ್ತದೆ. ಮುಂದೆ ಕ್ಯಾಮೆರಾದ ಮುಂದೆ ಪೋಸಲ್‌ಥ್ವೇಟ್ ತೋರಿದ ಮಿತವ್ಯಯದ ಅಭಿನಯಕ್ಕೆ ಈ ಪಬ್‌ಗಳೇ ಪಾಠಶಾಲೆಯಾದವು ಎನ್ನಬಹುದು.

1977ರ ‘ದಿ ಡ್ಯುಯಲಿಸ್ಟ್ಸ್’ ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದು ತೀರ ಸಣ್ಣ ಪಾತ್ರ. 1980ರ ದಶಕದಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ನಟವರ್ಗದಲ್ಲಿದ್ದು, 1986ರಲ್ಲಿ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದ ನೇಕಾರ ಬಾಟಮ್ ಪಾತ್ರವನ್ನು ವಹಿಸಿದರು. ಸಿನಿಮಾದಲ್ಲಿ ಅವರ ಹೆಸರು ನಿಂತದ್ದು ಮರ್ಸಿ ದಂಡೆಯ ಕಥೆಯಿಂದಲೇ. ಪೋಸಲ್‌ಥ್ವೇಟ್‌ಗಿಂತ ಸುಮಾರು ಮೂರು ತಿಂಗಳು ಮೊದಲು ಲಿವರ್‌ಪೂಲ್‌ನ ಕ್ಯಾಥೊಲಿಕ್ ಕಾರ್ಮಿಕ ಕುಟುಂಬದಲ್ಲಿ ಹುಟ್ಟಿದ ನಿರ್ದೇಶಕ ಟೆರೆನ್ಸ್ ಡೇವಿಸ್ ತಮ್ಮ ಮನೆಯ ನೆನಪುಗಳನ್ನೇ ಆಧರಿಸಿ 1988ರಲ್ಲಿ ‘ಡಿಸ್ಟಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ ತೆಗೆದಾಗ, ಹೆಂಡತಿ ಮಕ್ಕಳನ್ನು ಹೊಡೆದು ಹಿಂಸಿಸುವ ತಂದೆಯ ಪಾತ್ರವನ್ನು ಇವರಿಗೆ ಕೊಟ್ಟರು. ಚಿತ್ರದ ಮೊದಲ ಭಾಗವನ್ನು ಆವರಿಸಿದ ಆ ತಂದೆ ಎರಡನೆಯ ಭಾಗದಲ್ಲಿ ಬದುಕಿಲ್ಲ. ಆದರೂ ಮನೆಯವರ ಮೌನದಲ್ಲಿ ಅವನ ಭಯ ಉಳಿದಿರುತ್ತದೆ. ಕ್ರೌರ್ಯದ ನಡುವೆ ಕುದುರೆಗೆ ಮಾಲೀಸು ಮಾಡುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುವ ಅವನ ಮೃದುತನವನ್ನೂ ನಟ ಮುಚ್ಚಿಡದೆ ತೋರಿದ್ದರಿಂದ, ಪ್ರೇಕ್ಷಕನಿಗೆ ಆ ವ್ಯಕ್ತಿಯನ್ನು ಕ್ಷಮಿಸುವುದೂ ಸುಲಭವಾಗುವುದಿಲ್ಲ, ತಳ್ಳಿಹಾಕುವುದೂ ಸುಲಭವಾಗುವುದಿಲ್ಲ.

ಲಿವರ್‌ಪೂಲ್‌ನಿಂದ ಐರಿಷ್ ಸಮುದ್ರವನ್ನು ದಾಟಿದರೆ ಡಬ್ಲಿನ್. ಅಲ್ಲಿನ ಕಿಲ್‌ಮೇನಮ್ ಸೆರೆಮನೆ 1916ರ ಬಂಡಾಯದ ನಾಯಕರನ್ನು ಗುಂಡಿಕ್ಕಿ ಕೊಂದ ಜಾಗವಾಗಿ ಐರಿಷ್ ಜನರ ಮನಸ್ಸಿನಲ್ಲಿ ನೆಲೆಸಿದೆ. 1924ರಲ್ಲಿ ಮುಚ್ಚಲ್ಪಟ್ಟ ಅದು ಈಗ ವಸ್ತುಸಂಗ್ರಹಾಲಯ. ಸುತ್ತ ಕಬ್ಬಿಣದ ಮೆಟ್ಟಿಲುಗಳೂ ಸಾಲು ಕೋಣೆಗಳೂ ಇರುವ ಅದರ ಎತ್ತರದ ಅಂಕಣದಲ್ಲಿ ನಿಂತವರಿಗೆ ಜಿಮ್ ಶೆರಿಡನ್ ನಿರ್ದೇಶನದ ‘ಇನ್ ದಿ ನೇಮ್ ಆಫ್ ದಿ ಫಾದರ್’ ನೆನಪಾಗದಿರದು, ಏಕೆಂದರೆ 1993ರ ಆ ಚಿತ್ರದ ಸೆರೆಮನೆಯ ದೃಶ್ಯಗಳನ್ನು ಇಲ್ಲಿ ಚಿತ್ರಿಸಲಾಗಿತ್ತು. 1974ರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಪಟ್ಟಣದ ಪಬ್‌ಗಳಲ್ಲಿ ನಡೆದ ಬಾಂಬ್ ಸ್ಫೋಟಗಳಿಗೆ ಹೊಣೆಯೆಂದು ನಾಲ್ವರು ನಿರಪರಾಧಿಗಳನ್ನು ಜೈಲಿಗಟ್ಟಲಾಯಿತು. ಅವರಲ್ಲಿ ಒಬ್ಬನಾದ ಜೆರ‍್ರಿ ಕಾನ್ಲನ್‌ಗೆ ನೆರವಾಗಲು ಬೆಲ್‌ಫಾಸ್ಟ್‌ನಿಂದ ಲಂಡನ್ನಿಗೆ ಬಂದ ಅವನ ತಂದೆ ಜುಸೆಪ್ಪೆ ಕಾನ್ಲನ್ ಅವರನ್ನೂ ಬಂಧಿಸಲಾಯಿತು. ಶ್ವಾಸಕೋಶದ ಕಾಯಿಲೆಯಿಂದ ಬಳಲುತ್ತಿದ್ದ ಜುಸೆಪ್ಪೆ 1980ರಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡರು. ನಾಲ್ವರ ಬಿಡುಗಡೆಯಾದದ್ದು 1989ರಲ್ಲಿ, ಜುಸೆಪ್ಪೆ ಮತ್ತು ಅವರ ಸಂಗಡಿಗರ ಮೇಲಿನ ತೀರ್ಪು ರದ್ದಾದದ್ದು 1991ರಲ್ಲಿ.

ಬ್ರಿಸ್ಟಲ್‌ನ ಅದೇ ಶಾಲೆಯಲ್ಲಿ ಕಲಿತ ಡೇನಿಯಲ್ ಡೇ-ಲೂಯಿಸ್ ಮಗನಾಗಿಯೂ ಪೋಸಲ್‌ಥ್ವೇಟ್ ತಂದೆಯಾಗಿಯೂ ಈ ಚಿತ್ರದಲ್ಲಿ ಎದುರುಬದುರಾದರು. ತಂದೆ ಮಗ ಒಂದೇ ಕೋಣೆಯಲ್ಲಿ ಸೆರೆಯಿದ್ದಂತೆ ತೋರಿಸಿದ್ದು ಚಿತ್ರಕಥೆಯ ಕಲ್ಪನೆ, ವಾಸ್ತವದಲ್ಲಿ ಹಾಗಿರಲಿಲ್ಲ. ಆದರೆ ಆ ಕಲ್ಪನೆಗೆ ಸತ್ಯದ ತೂಕ ಬಂದದ್ದು ಪೋಸಲ್‌ಥ್ವೇಟ್‌ರ ಅಭಿನಯದಿಂದ. ಮಗ ಕೂಗಾಡಿ ಗೋಡೆಗೆ ಗುದ್ದುವಾಗ ತಂದೆ ಕೆಮ್ಮನ್ನು ಅದುಮಿಕೊಂಡು ಅರ್ಜಿ ಬರೆಯುತ್ತಾ ಕೂರುತ್ತಾನೆ. ದನಿಯೇರಿಸದ, ದ್ವೇಷವನ್ನು ಹತ್ತಿರ ಬಿಟ್ಟುಕೊಳ್ಳದ ಅವನ ಹಟವೇ ಕೊನೆಗೆ ಮಗನನ್ನು ಬದಲಿಸುತ್ತದೆ. ಐದು ವರ್ಷಗಳ ಹಿಂದೆ ಮನೆಯನ್ನೆಲ್ಲ ನಡುಗಿಸಿದ ತಂದೆಯನ್ನು ಆಡಿದ ಮುಖವೇ ಈಗ ತಾಳ್ಮೆಯ ತಂದೆಯದೂ ಆಯಿತು. ಅತ್ಯುತ್ತಮ ಪೋಷಕ ನಟನ ಆಸ್ಕರ್ ಪ್ರಶಸ್ತಿಗೆ ಅವರ ಹೆಸರು ನಾಮನಿರ್ದೇಶನಗೊಂಡದ್ದು ಈ ಪಾತ್ರಕ್ಕಾಗಿ.

ಅದೇ ಕಾಲದಲ್ಲಿ ಕಿರುತೆರೆಯ ‘ಶಾರ್ಪ್’ ಸರಣಿಯಲ್ಲಿ ಅವರು ವಹಿಸಿದ ಸಾರ್ಜೆಂಟ್ ಹೇಕ್ಸ್‌ವಿಲ್ ಎಂಬ ದುಷ್ಟನ ಪಾತ್ರಕ್ಕೆ ಕರ್ನಾಟಕದೊಂದಿಗೆ ದೂರದ ನಂಟೊಂದಿದೆ. ಸರಣಿಗೆ ಮೂಲವಾದ ಕಾದಂಬರಿಗಳನ್ನು ಬರೆದ ಬರ್ನಾರ್ಡ್ ಕಾರ್ನ್‌ವೆಲ್, ಮುಂದೆ 1997ರಲ್ಲಿ ಪ್ರಕಟಿಸಿದ ‘ಶಾರ್ಪ್ಸ್ ಟೈಗರ್’ ಕಾದಂಬರಿಯಲ್ಲಿ ಇದೇ ಹೇಕ್ಸ್‌ವಿಲ್‌ನನ್ನು 1799ರ ಶ್ರೀರಂಗಪಟ್ಟಣದ ಮುತ್ತಿಗೆಗೆ ಕರೆತಂದು, ಟಿಪ್ಪುವಿನ ಹುಲಿಗಳ ಎದುರು ನಿಲ್ಲಿಸಿದರು. 1995ರ ‘ದಿ ಯೂಶುವಲ್ ಸಸ್ಪೆಕ್ಟ್ಸ್’ ಚಿತ್ರದ ನಿಗೂಢ ವಕೀಲ ಕೊಬಯಾಶಿ, 1996ರ ‘ರೋಮಿಯೊ + ಜೂಲಿಯೆಟ್’ ಚಿತ್ರದ ಪಾದ್ರಿ ಲಾರೆನ್ಸ್ ಹೀಗೆ ಒಂದಕ್ಕೊಂದು ಹೋಲಿಕೆಯಿಲ್ಲದ ಪಾತ್ರಗಳು ಆ ವರ್ಷಗಳಲ್ಲಿ ಅವರ ಪಾಲಿಗೆ ಬಂದವು.

ಅವರ ವೃತ್ತಿಜೀವನದ ಹೃದಯವಿರುವುದು ಮಾತ್ರ ದಕ್ಷಿಣ ಯಾರ್ಕ್‌ಶೈರ್‌ನಲ್ಲಿ, ಬಾರ್ನ್ಸ್‌ಲಿ ಪಟ್ಟಣದಿಂದ ಬಸ್ಸಿನಲ್ಲಿ ಪೂರ್ವಕ್ಕೆ ಹೋದರೆ ಸಿಗುವ ಗ್ರೈಮ್‌ಥಾರ್ಪ್ ಎಂಬ ಗಣಿ ಹಳ್ಳಿಯಲ್ಲಿ. ಕಲ್ಲಿದ್ದಲ ಗಣಿಯ ಸುತ್ತಲೇ ಬೆಳೆದ ಈ ಊರಿನಲ್ಲಿ 1917ರಲ್ಲಿ ಗಣಿ ಕಾರ್ಮಿಕರ ಬ್ರಾಸ್ ಬ್ಯಾಂಡ್ ಹುಟ್ಟಿತು. ಕಾರ್ನೆಟ್, ಯೂಫೋನಿಯಮ್, ಟ್ರಾಂಬೋನ್, ಟ್ಯೂಬಾ ಮುಂತಾದ ಲೋಹದ ಊದುವಾದ್ಯಗಳೂ ತಾಳವಾದ್ಯಗಳೂ ಸೇರಿದ ಈ ವಾದ್ಯವೃಂದ ಉತ್ತರ ಇಂಗ್ಲೆಂಡಿನ ಕಾರ್ಮಿಕ ಊರುಗಳ ಸ್ವಂತ ಸಂಗೀತ ಪರಂಪರೆ. ಹಗಲಿಡೀ ಭೂಮಿಯಡಿ ಇದ್ದಲು ಅಗೆದವರು ಸಂಜೆ ಕೈತೊಳೆದು ಶಾಸ್ತ್ರೀಯ ಕೃತಿಗಳನ್ನು ನುಡಿಸುತ್ತಿದ್ದರು. 1984ರಿಂದ 85ರವರೆಗೆ ನಡೆದ ಗಣಿ ಕಾರ್ಮಿಕರ ಮಹಾಮುಷ್ಕರ ಸೋತ ಮೇಲೆ, 1992ರ ಅಕ್ಟೋಬರಿನಲ್ಲಿ ಸರಕಾರ ಉಳಿದಿದ್ದ 50 ಗಣಿಗಳಲ್ಲಿ 31ನ್ನು ಮುಚ್ಚುವುದಾಗಿ ಸಾರಿತು. ಸುಮಾರು 30,000 ಜನರ ಕೆಲಸ ಹೋಗುವುದಿತ್ತು. ಆ ಘೋಷಣೆಯಾದ ಕೆಲವೇ ದಿನಗಳಲ್ಲಿ ಗ್ರೈಮ್‌ಥಾರ್ಪ್ ಬ್ಯಾಂಡ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದಿತು. ಗಣಿ 1993ರಲ್ಲಿ ಮುಚ್ಚಿತು, ಬ್ಯಾಂಡ್ ಉಳಿಯಿತು.

ಮಾರ್ಕ್ ಹರ್ಮನ್ ಬರೆದು ನಿರ್ದೇಶಿಸಿದ 1996ರ ‘ಬ್ರಾಸ್ಡ್ ಆಫ್’ ಈ ಘಟನೆಯನ್ನೇ ಆಧರಿಸಿದೆ. ಚಿತ್ರದಲ್ಲಿ ಊರಿನ ಹೆಸರು ಗ್ರಿಮ್ಲಿ ಎಂದಾದರೂ ಬಹಳಷ್ಟು ದೃಶ್ಯಗಳನ್ನು ಗ್ರೈಮ್‌ಥಾರ್ಪ್‌ನಲ್ಲೇ ತೆಗೆಯಲಾಯಿತು, ಕೇಳಿಸುವ ಸಂಗೀತವೂ ಆ ಊರಿನ ಬ್ಯಾಂಡಿನದೇ. ಬ್ಯಾಂಡಿನ ನಾಯಕ ಡ್ಯಾನಿಯಾಗಿ ಪೋಸಲ್‌ಥ್ವೇಟ್, ಗಣಿಧೂಳಿನಿಂದ ಹಾಳಾದ ಎದೆಯನ್ನು ಹೊತ್ತುಕೊಂಡು, ಸಂಗೀತಕ್ಕಿಂತ ದೊಡ್ಡದಿಲ್ಲವೆಂದು ನಂಬಿ ಸಂಗಡಿಗರನ್ನೂ ಸ್ವಂತ ಮಗನನ್ನೂ ದಂಡಿಸುವ ಹಿರಿಯನನ್ನು ಕಟ್ಟಿಕೊಟ್ಟರು. ಆಸ್ಪತ್ರೆಯ ಹಾಸಿಗೆಯಿಂದೆದ್ದು ಆಲ್ಬರ್ಟ್ ಹಾಲ್‌ಗೆ ಬಂದ ಡ್ಯಾನಿ, ಗೆದ್ದ ಪಾರಿತೋಷಕವನ್ನು ನಿರಾಕರಿಸಿ, ಮನುಷ್ಯರಿಗಿಂತ ಸಂಗೀತ ದೊಡ್ಡದೆಂದು ತಾನು ತಿಳಿದಿದ್ದೆನಲ್ಲ ಎಂದು ಸಭೆಯೆದುರು ಒಪ್ಪಿಕೊಳ್ಳುವ ಭಾಷಣ ಬ್ರಿಟಿಷ್ ಸಿನಿಮಾದ ಅವಿಸ್ಮರಣೀಯ ಕ್ಷಣಗಳಲ್ಲಿ ಒಂದು. ಆ ದೃಶ್ಯದಲ್ಲಿ ಉಸಿರು ಸಾಲದೆ ಮಾತು ಕಡಿಯುವ ಕಡೆಗಳಲ್ಲೆಲ್ಲ ಅರ್ಥ ಗಟ್ಟಿಯಾಗುತ್ತ ಹೋಗುತ್ತದೆ. ಜುಸೆಪ್ಪೆಯಂತೆ ಡ್ಯಾನಿಯೂ ಉಸಿರು ಸೋತ ತಂದೆ. ಅಧಿಕಾರದ ದಾಖಲೆಗಳಲ್ಲಿ ಕೈದಿಯ ಸಂಖ್ಯೆಯಾಗಿ, ಕೆಲಸ ಕಳೆದುಕೊಂಡವರ ಲೆಕ್ಕವಾಗಿ ಮಾತ್ರ ಉಳಿಯುವ ಇಂಥ ಹಿರಿಯರಿಗೆ ಮುಖ, ಮಾತು, ಸಿಟ್ಟು, ಪಶ್ಚಾತ್ತಾಪಗಳನ್ನು ಕೊಟ್ಟದ್ದೇ ಪೋಸಲ್‌ಥ್ವೇಟ್‌ರ ಮುಖ್ಯ ಸಾಧನೆ.

1997ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್‌ರ ‘ದಿ ಲಾಸ್ಟ್ ವರ್ಲ್ಡ್’ ಮತ್ತು ‘ಅಮಿಸ್ಟಾಡ್’ ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು. ಜಗತ್ತಿನ ಅತ್ಯುತ್ತಮ ನಟ ಇವರೇ ಎಂದು ಆ ನಿರ್ದೇಶಕರು ಹೇಳಿದ ಮಾತು ಎಲ್ಲೆಡೆ ಪ್ರಚಾರವಾಯಿತು. ಹಾಲಿವುಡ್‌ನಲ್ಲಿ ನೆಲೆಯೂರಲು ಆ ಹೊಗಳಿಕೆ ಧಾರಾಳ ಸಾಕಾಗುತ್ತಿತ್ತು. ಅವರು ಮಾತ್ರ ಅದೇ ವರ್ಷ ಮ್ಯಾಕ್‌ಬೆತ್ ಆಗಿ ರಂಗಕ್ಕೆ ಮರಳಿದರು. ಮುಂದೆ ಜಸ್ಟಿನ್ ಬುಚರ್ ಬರೆದ ‘ಸ್ಕಾರಮೂಶ್ ಜೋನ್ಸ್’ ಎಂಬ ಏಕವ್ಯಕ್ತಿ ನಾಟಕದಲ್ಲಿ, ನೂರು ವರ್ಷ ಬದುಕಿ 1999ರ ಕೊನೆಯ ರಾತ್ರಿ ತನ್ನ ಕಥೆ ಹೇಳಿ ಮುಗಿಸುವ ಸರ್ಕಸ್ ವಿದೂಷಕನಾಗಿ ಬ್ರಿಟನ್ನಿನಿಂದ ನ್ಯೂಜಿಲೆಂಡಿನವರೆಗೆ ಸಂಚರಿಸಿದರು. 2007ರಲ್ಲಿ ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರ್ ನಾಟಕದ ಮಾಂತ್ರಿಕ ಪ್ರಾಸ್ಪೆರೊ ಆದರು.

2008ರಲ್ಲಿ ಲಿವರ್‌ಪೂಲ್ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿದ್ದಾಗ, ರೂಪರ್ಟ್ ಗೂಲ್ಡ್ ನಿರ್ದೇಶನದ ‘ಕಿಂಗ್ ಲಿಯರ್’ನಲ್ಲಿ ಲಿಯರ್ ಪಾತ್ರ ವಹಿಸಲು ಅವರು ಆರಿಸಿಕೊಂಡದ್ದು ತಾವು ತರುಣರಾಗಿದ್ದಾಗ ದುಡಿದ ಎವ್ರಿಮನ್ ರಂಗಮಂದಿರವನ್ನೇ. ಆ ಪ್ರಯೋಗವನ್ನು ವಿಮರ್ಶಕರು ಒಮ್ಮತದಿಂದ ಮೆಚ್ಚಲಿಲ್ಲ. ಮರುವರ್ಷ ಅದನ್ನು ತಿದ್ದಿ ಲಂಡನ್ನಿನ ಯಂಗ್ ವಿಕ್‌ನಲ್ಲಿ ಪ್ರದರ್ಶಿಸಲಾಯಿತು. ಆದರೂ ಆಯ್ಕೆಯಲ್ಲೇ ಒಂದು ನಿಲುವಿದೆ. ತಂದೆತನದ ಕುರುಡನ್ನೂ ಅದರ ನೋವನ್ನೂ ಕುರಿತ ಇಂಗ್ಲಿಷ್ ನಾಟಕಗಳಲ್ಲಿ ಅತಿ ದೊಡ್ಡದನ್ನು, ರಾಜಧಾನಿಯ ಹೆಸರುವಾಸಿ ಮಂದಿರಗಳನ್ನು ಬಿಟ್ಟು, ತನ್ನನ್ನು ಬೆಳೆಸಿದ ಪ್ರೇಕ್ಷಕರ ಮುಂದೆ ಮೊದಲು ಇಡಬೇಕೆಂದು ಆ ನಟ ಬಯಸಿದರು. ಹಳೆಯ ಎವ್ರಿಮನ್ ಕಟ್ಟಡ 2011ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ ಹಳೆಯ ಇಟ್ಟಿಗೆಗಳನ್ನು ಮರುಬಳಸಿ ಕಟ್ಟಿದ ಹೊಸ ಮಂದಿರ 2014ರಲ್ಲಿ ತೆರೆದು, ಅದೇ ವರ್ಷ ಬ್ರಿಟನ್ನಿನ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿಯನ್ನು ಪಡೆಯಿತು. ಅದರ ಮುಂಭಾಗದ ಲೋಹದ ಫಲಕಗಳ ಮೇಲೆ ನಗರದ 105 ಜನಸಾಮಾನ್ಯರ ಆಳೆತ್ತರದ ಚಿತ್ರಗಳಿವೆ; ಪ್ರಸಿದ್ಧರ ಬದಲು ಊರಿನವರನ್ನೇ ಬಾಗಿಲಲ್ಲಿ ನಿಲ್ಲಿಸಿದ್ದು ಆ ಮಂದಿರದ ಪರಂಪರೆಗೆ ತಕ್ಕುದಾಗಿದೆ.

ವೇಲ್ಸ್ ಗಡಿಗೆ ಹತ್ತಿರದ ಶ್ರಾಪ್‌ಶೈರ್ ಪ್ರಾಂತದ ಬಿಷಪ್ಸ್ ಕಾಸಲ್ ಎಂಬ ಪುಟ್ಟ ಪಟ್ಟಣದ ಸಮೀಪ ಪೋಸಲ್‌ಥ್ವೇಟ್ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ರೈಲು ಕ್ರೇವನ್ ಆರ್ಮ್ಸ್‌ವರೆಗೆ ಮಾತ್ರ ಒಯ್ಯುತ್ತದೆ. ಅಲ್ಲಿಂದ ಕುರಿಗಳು ಮೇಯುವ ಗುಡ್ಡಗಳ ನಡುವೆ ರಸ್ತೆಯಲ್ಲಿ ಹೋಗಬೇಕು. ಮನೆಗೆ ಗಾಳಿಯಂತ್ರದಿಂದ ವಿದ್ಯುತ್ ಪಡೆಯುತ್ತಿದ್ದ ಅವರು ಹವಾಮಾನ ಬದಲಾವಣೆಯನ್ನು ಕುರಿತ ಫ್ರ್ಯಾನಿ ಆರ್ಮ್‌ಸ್ಟ್ರಾಂಗ್ ಅವರ ‘ದಿ ಏಜ್ ಆಫ್ ಸ್ಟುಪಿಡ್’ ಚಿತ್ರದಲ್ಲಿ, 2055ರ ಪಾಳುಬಿದ್ದ ಜಗತ್ತಿನಲ್ಲಿ ಕುಳಿತು ನಮ್ಮ ಕಾಲದ ದಾಖಲೆಗಳನ್ನು ತೆಗೆದು ನೋಡುವ ವೃದ್ಧನ ಪಾತ್ರ ವಹಿಸಿದರು. 2009ರಲ್ಲಿ ಅದರ ಮೊದಲ ಪ್ರದರ್ಶನದಂದು, ಕೆಂಟ್ ಪ್ರಾಂತದ ಕಿಂಗ್ಸ್‌ನಾರ್ತ್‌ನಲ್ಲಿ ಕಲ್ಲಿದ್ದಲಿನ ಹೊಸ ವಿದ್ಯುತ್ ಸ್ಥಾವರಕ್ಕೆ ಸರಕಾರ ಒಪ್ಪಿಗೆ ಕೊಟ್ಟರೆ, 2004ರಲ್ಲಿ ತಮಗೆ ಸಂದ ಒಬಿಇ ಗೌರವವನ್ನು ಹಿಂತಿರುಗಿಸುವುದಾಗಿ ಇಂಧನ ಸಚಿವರ ಎದುರಿಗೇ ಹೇಳಿದರು. ಆ ಯೋಜನೆ ಮುಂದೆ ಕೈಬಿಡಲ್ಪಟ್ಟಿತು. ಗಣಿಗಳ ಸಾವಿಗೆ ಕಣ್ಣೀರು ತಂದ ನಟ ಕಲ್ಲಿದ್ದಲನ್ನು ವಿರೋಧಿಸಿದ್ದರಲ್ಲಿ ವಿರೋಧಾಭಾಸವಿಲ್ಲ: ಎರಡು ಸಂದರ್ಭಗಳಲ್ಲಿಯೂ ಮೇಲಿನವರ ನಿರ್ಧಾರದ ಬೆಲೆಯನ್ನು ಕೆಳಗಿನವರು, ಮುಂದೆ ಹುಟ್ಟುವವರು ತೆರಬೇಕಾಗುತ್ತದೆ ಎಂಬುದೇ ಅವರ ಆಕ್ಷೇಪವಾಗಿತ್ತು.

ಕ್ಯಾನ್ಸರ್ ಬಲಿತಿದ್ದರೂ ಅವರು ದುಡಿಮೆ ನಿಲ್ಲಿಸಲಿಲ್ಲ. 2010ರ ‘ಇನ್‌ಸೆಪ್ಷನ್’ ಚಿತ್ರದಲ್ಲಿ ಸಾಯುತ್ತಿರುವ ಶ್ರೀಮಂತ ತಂದೆಯಾಗಿ, ‘ದಿ ಟೌನ್’ ಚಿತ್ರದಲ್ಲಿ ಹೂವಿನಂಗಡಿಯ ಮರೆಯಲ್ಲಿ ಪಾತಕ ನಡೆಸುವ ಮುದುಕನಾಗಿ ಕಾಣಿಸಿಕೊಂಡು, 2011ರ ಜನವರಿ 2ರಂದು ಶ್ರೂಸ್‌ಬರಿಯಲ್ಲಿ ತೀರಿಕೊಂಡಾಗ ಅವರಿಗೆ 64 ವರ್ಷ. ‘ದಿ ಟೌನ್’ ಪಾತ್ರಕ್ಕೆ ಬಾಫ್ಟಾ ನಾಮನಿರ್ದೇಶನ ಬಂದದ್ದು ಅವರ ಮರಣದ ನಂತರ.

ನಟನ ದೊಡ್ಡತನವನ್ನು ತೆರೆಯ ಮೇಲೆ ಅವನಿದ್ದ ನಿಮಿಷಗಳಿಂದ ಅಳೆಯಲಾಗದು. ಅವನಿಂದಾಗಿ ಯಾರ ಬದುಕು ಲೋಕದ ಕಣ್ಣಿಗೆ ಬಿತ್ತು ಎಂಬುದರಿಂದ ಅಳೆಯಬೇಕು. ಆ ಅಳತೆಯಲ್ಲಿ ಪೋಸಲ್‌ಥ್ವೇಟ್ ತಮ್ಮ ಕಾಲದ ಬಹುಪಾಲು ನಾಯಕನಟರಿಗಿಂತ ಎತ್ತರದವರು. ಅವರನ್ನು ರೂಪಿಸಿದ್ದು ಸಾರ್ವಜನಿಕ ಹಣದಿಂದ ನಡೆದ ನಾಟಕ ಶಾಲೆ ಮತ್ತು ಊರಿನ ರಂಗಮಂದಿರ ಎಂಬುದನ್ನು, ಕಲೆಗೆ ಕೊಡುವ ಅನುದಾನವನ್ನು ದುಂದುವೆಚ್ಚವೆನ್ನುವ ಯಾವ ದೇಶದ ಆಡಳಿತಗಾರರೂ ನೆನಪಿಡಬೇಕು. ಬ್ರಿಟನ್ನಿಗೆ ಹೋಗುವ ಕನ್ನಡಿಗರು ಷೇಕ್ಸ್‌ಪಿಯರ್ ಹುಟ್ಟಿದ ಮನೆಯನ್ನು ನೋಡಿದ ಮೇಲೆ ಲಿವರ್‌ಪೂಲ್‌ನ ಹೋಪ್ ಸ್ಟ್ರೀಟ್‌ಗೂ ಒಂದು ಸಂಜೆಯನ್ನು ಕೊಟ್ಟು, ಎವ್ರಿಮನ್‌ನಲ್ಲಿ ಅಂದು ಆಡುತ್ತಿರುವ ನಾಟಕ ಯಾವುದಿದ್ದರೂ ಟಿಕೆಟ್ ಕೊಂಡು ನೋಡಲಿ. ಹೋಗಲಾಗದವರು ‘ಡಿಸ್ಟಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’, ‘ಇನ್ ದಿ ನೇಮ್ ಆಫ್ ದಿ ಫಾದರ್’, ‘ಬ್ರಾಸ್ಡ್ ಆಫ್’ ಈ ಮೂರು ಚಿತ್ರಗಳನ್ನು ಅವು ಬಂದ ಕ್ರಮದಲ್ಲೇ ನೋಡಲಿ. ಒಬ್ಬನೇ ನಟ ಮೂವರು ತಂದೆಯರ ಮೂಲಕ ಒಂದು ನಾಡಿನ ದುಡಿಯುವ ಜನರ ಅರ್ಧ ಶತಮಾನದ ಚರಿತ್ರೆಯನ್ನು ಹೇಳಿದ್ದಾನೆ ಎಂಬುದು ಆಗ ತಾನಾಗಿಯೇ ಮನವರಿಕೆಯಾಗುತ್ತದೆ.